ಜಲಮಟ್ಟ ಮತ್ತು ಮೀನಿನ ಲೆಕ್ಕ: ತುಂಗಭದ್ರಾ ಜಲಾಶಯದ ಮೀನುಗಾರಿಕೆಯ ಒಂದು ಮರುಪರಿಶೀಲನೆ

ಸಾರಾಂಶ

ಜಲಾಶಯಗಳ ಮೀನು ಇಳುವರಿಯನ್ನು ಹೆಕ್ಟೇರಿಗೆ ಇಷ್ಟು ಕಿಲೋ ಎಂದು ಅಳೆಯುವುದು ನಮ್ಮಲ್ಲಿ ರೂಢಿ. ಮೀನುಮರಿ ಬಿತ್ತನೆಯ ಪ್ರಮಾಣವೂ ಅದೇ ಹೆಕ್ಟೇರಿನ ಮೇಲೆ ನಿಲ್ಲುತ್ತದೆ. ಮೀನುಗಾರಿಕೆಯ ನಿಷೇಧ ಕ್ಯಾಲೆಂಡರಿನ ದಿನಾಂಕದ ಮೇಲೆ ನಿಲ್ಲುತ್ತದೆ. ತುಂಗಭದ್ರಾ ಜಲಾಶಯವನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಎರಡೂ ಅಳತೆಗಳ ಮಿತಿಯನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ. ನೀರಾವರಿಗಾಗಿ ಪ್ರತಿವರ್ಷ ತುಂಬಿ ಬರಿದಾಗುವ ಜಲಾಶಯದಲ್ಲಿ ಮೀನಿನ ಬದುಕನ್ನು ನಿರ್ಧರಿಸುವುದು ನೀರಿನ ಒಟ್ಟು ಪ್ರಮಾಣಕ್ಕಿಂತ ಅದು ಏರುವ, ಇಳಿಯುವ ಕಾಲ ಮತ್ತು ವೇಗ. ಆದ್ದರಿಂದ ಬಿತ್ತನೆ, ನಿಷೇಧ ಮತ್ತು ಅಂಕಿಅಂಶ ಸಂಗ್ರಹ ಮೂರನ್ನೂ ಜಲಮಟ್ಟಕ್ಕೆ ಹೊಂದಿಸಬೇಕೆಂಬುದು ಲೇಖನದ ವಾದ.

ಪ್ರಮುಖ ಪದಗಳು: ತುಂಗಭದ್ರಾ, ಜಲಾಶಯ ಮೀನುಗಾರಿಕೆ, ಜಲಮಟ್ಟ, ಹೂಳು, ಗೆಂಡೆ ಮೀನು, ಬಿತ್ತನೆ

1. ಪೀಠಿಕೆ

ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಯಿತು. 1953ರಲ್ಲಿ ನೀರಾವರಿಗೆ ನೀರು ಹರಿಯಿತು, ಅದೇ ವರ್ಷ ತುಂಗಭದ್ರಾ ಮಂಡಳಿಯ ರಚನೆಯೂ ಆಯಿತು. ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದ ಸಂಗತಿ ಆ ಭಾಗದಲ್ಲಿ ಎಲ್ಲರಿಗೂ ಗೊತ್ತು. ಬಯಲುಸೀಮೆಗೆ ನೀರು, ವಿದ್ಯುತ್ತು ಒದಗಿಸಲು ಹುಟ್ಟಿದ ಈ ಯೋಜನೆಯಲ್ಲಿ ಮೀನು ತಾನಾಗಿ ಒದಗಿಬಂದ ಉಪಫಲ. ಮಂಡಳಿ ಅದನ್ನು ಪೂರ್ತಿ ಕಡೆಗಣಿಸಲಿಲ್ಲ. ಮೀನುಮರಿ ಸಾಕುವ ಕೇಂದ್ರ, ಮಂಜುಗಡ್ಡೆ ತಯಾರಿಕೆ, ನೈಲಾನ್ ಬಲೆ ಹೆಣೆಯುವ ಘಟಕಗಳು ಅದರ ಆಶ್ರಯದಲ್ಲೇ ಬೆಳೆದವು. ಆದರೂ ಜಲಾಶಯದ ದಿನನಿತ್ಯದ ನಿರ್ಧಾರಗಳಲ್ಲಿ, ಎಂದರೆ ಗೇಟು ಎತ್ತುವ, ಕಾಲುವೆಗೆ ಬಿಡುವ, ಬೆಳೆಗೆ ಉಳಿಸುವ ನಿರ್ಧಾರಗಳಲ್ಲಿ, ಮೀನು ಒಂದು ಲೆಕ್ಕವಾಗಿ ಒಳಬರಲಿಲ್ಲ.

ಕೃಷ್ಣಾ ಜಲವಿವಾದ ನ್ಯಾಯಮಂಡಳಿಯ 1976ರ ಐತೀರ್ಪು ಇದಕ್ಕೆ ಒಳ್ಳೆಯ ಸಾಕ್ಷಿ. ಬಚಾವತ್ ತೀರ್ಪೆಂದೇ ಹೆಸರಾದ ಅದು ತುಂಗಭದ್ರಾ ಜಲಾಶಯದ ಬಳಕೆಗೆ 230 ಟಿಎಂಸಿ ನೀರನ್ನು ಗೊತ್ತುಮಾಡಿತು. ಅದರಲ್ಲಿ 212 ಟಿಎಂಸಿ ಕರ್ನಾಟಕ ಮತ್ತು ಆಂಧ್ರದ ಪಾಲು. ಉಳಿದ 18 ಟಿಎಂಸಿ ಆವಿಯಾಗಿ ಹೋಗುವ ನೀರು. ಬಿಸಿಲಿಗೆ ಆರಿಹೋಗುವ ನೀರಿಗೂ ಒಂದು ಅಂಕಿ ಇದೆ, ಮೀನಿಗೆ ಇಲ್ಲ. ಮೀನು ನೀರನ್ನು ಖರ್ಚು ಮಾಡುವುದಿಲ್ಲವಾದ್ದರಿಂದ ಇದು ತಪ್ಪೆಂದು ತೋರದಿರಬಹುದು. ಮೀನಿಗೆ ಬೇಕಾದದ್ದು ಪಾಲಲ್ಲ, ಕಾಲ. ಹಂಚಿಕೆಯ ಭಾಷೆ ಪ್ರಮಾಣವನ್ನು ಮಾತ್ರ ಬಲ್ಲದು. ಆ ಭಾಷೆಯಲ್ಲಿ ಕಾಲದ ಬೇಡಿಕೆಯನ್ನು ಬರೆಯಲು ಜಾಗವೇ ಇಲ್ಲ.

2. ವ್ಯಾಪ್ತಿ ಮತ್ತು ವಿಧಾನ

ಇದು ಕ್ಷೇತ್ರಕಾರ್ಯದ ವರದಿಯಲ್ಲ. ಜಲಾಶಯದ ಕುರಿತು ಈಗಾಗಲೇ ಪ್ರಕಟವಾಗಿರುವ ಜಲಮಾಪನದ ಅಂಕಿಗಳನ್ನು, ಭಾರತದ ಜಲಾಶಯ ಮೀನುಗಾರಿಕೆಯ ಮೇಲಿನ ಸಂಶೋಧನೆಗಳನ್ನು ಮತ್ತು ಇಲ್ಲಿನ ಮೀನುಗಳ ಜೀವನಕ್ರಮದ ತಿಳಿವಳಿಕೆಯನ್ನು ಒಟ್ಟಿಗೆ ಓದುವ ಪ್ರಯತ್ನ. ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆ 1969ರಲ್ಲಿ ಪ್ರಕಟಿಸಿದ, ಎ. ಡೇವಿಡ್ ಮತ್ತು ಸಂಗಡಿಗರ ತುಂಗಭದ್ರಾ ಅಧ್ಯಯನ ಈ ಜಲಾಶಯದ ಮಟ್ಟಿಗೆ ಬುನಾದಿ. ವಿ. ವಿ. ಸುಗುಣನ್ ಅವರು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ 1995ರಲ್ಲಿ ಸಿದ್ಧಪಡಿಸಿದ ಭಾರತೀಯ ಜಲಾಶಯಗಳ ಸಮೀಕ್ಷೆ ದೇಶಮಟ್ಟದ ಹೋಲಿಕೆಗೆ ಆಧಾರ. ಲೇಖನದಲ್ಲಿ ಬರುವ ಸರಾಸರಿ ಆಳ, ನೀರು ಬದಲಾಗುವ ವೇಗ, ಬಿತ್ತನೆಯ ಮೊತ್ತ ಮೊದಲಾದವು ಪ್ರಕಟಿತ ಅಂಕಿಗಳಿಂದ ಇಲ್ಲಿಯೇ ಮಾಡಿದ ಸರಳ ಗಣಿತದ ಫಲ. ಊಹೆಯ ಅಂಕಿಗಳನ್ನು ಬಳಸಿದಲ್ಲಿ ಊಹೆ ಎಂದೇ ಹೇಳಿದೆ.

3. ಜಲಾಶಯದ ಸ್ವರೂಪ

ಪೂರ್ಣಮಟ್ಟ 1633 ಅಡಿ ಮುಟ್ಟಿದಾಗ ತುಂಗಭದ್ರೆಯ ಹಿನ್ನೀರು 378 ಚದರ ಕಿ.ಮೀ. ಹರಡುತ್ತದೆ, ಅಂದರೆ 37,800 ಹೆಕ್ಟೇರು. ಅಣೆಕಟ್ಟಿನ ಮೇಲಿನ ಜಲಾನಯನ ಪ್ರದೇಶ 28,180 ಚ.ಕಿ.ಮೀ. ಒಂದು ಚದರ ಕಿ.ಮೀ. ನೀರಿಗೆ ಸುಮಾರು 75 ಚದರ ಕಿ.ಮೀ. ನೆಲದ ಮಳೆ, ಮಣ್ಣು, ಗೊಬ್ಬರ, ಕೊಳಚೆ ಬಂದು ಸೇರುತ್ತದೆ. ಮಲೆನಾಡಿನ ಮುಂಗಾರು ತುಂಗೆ, ಭದ್ರೆಗಳ ಮೂಲಕ ಇದನ್ನು ತುಂಬಿಸಿದರೆ, ಎರಡೂ ದಂಡೆಯ ಕಾಲುವೆಗಳು ಬೇಸಿಗೆಯ ಹೊತ್ತಿಗೆ ಬರಿದು ಮಾಡುತ್ತವೆ.

ಆರಂಭದ ಸಂಗ್ರಹ ಸಾಮರ್ಥ್ಯ ಸುಮಾರು 133 ಟಿಎಂಸಿ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಅದನ್ನು ಹರವಿನಿಂದ ಭಾಗಿಸಿದರೆ ಪೂರ್ಣಮಟ್ಟದಲ್ಲಿ ಸರಾಸರಿ ಆಳ ಹತ್ತಿರಹತ್ತಿರ 10 ಮೀಟರ್. ಹೂಳು ತುಂಬಿ ಸಾಮರ್ಥ್ಯ ಈಗ 105.79 ಟಿಎಂಸಿಗೆ ಇಳಿದಿದೆ. ಹರವು ಹೆಚ್ಚು ಬದಲಾಗಿಲ್ಲವೆಂದು ಇಟ್ಟುಕೊಂಡರೆ ಸರಾಸರಿ ಆಳ 8 ಮೀಟರಿಗಿಂತ ತುಸು ಕಡಿಮೆ.

ಇಲ್ಲಿ ನೀರಾವರಿಯ ಲೆಕ್ಕಕ್ಕೂ ಮೀನಿನ ಲೆಕ್ಕಕ್ಕೂ ದಾರಿ ಬೇರೆಯಾಗುತ್ತದೆ. ಕೆನಡಾದ ಆರ್. ಎ. ರೈಡರ್ 1965ರಲ್ಲಿ ಒಂದು ಸರಳ ಸೂಚ್ಯಂಕ ಕೊಟ್ಟರು: ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣವನ್ನು ಸರಾಸರಿ ಆಳದಿಂದ ಭಾಗಿಸಿದರೆ ಬರುವ ಸಂಖ್ಯೆ ಮೀನು ಇಳುವರಿಯ ಸಾಧ್ಯತೆಯನ್ನು ತೋರುತ್ತದೆ. ಆಳ ಕಡಿಮೆಯಾದಷ್ಟೂ ಬೆಳಕು, ಪೋಷಕಾಂಶ, ತಳದ ಮಣ್ಣು ಹತ್ತಿರವಾಗಿ ಉತ್ಪಾದನೆ ಹೆಚ್ಚುತ್ತದೆ ಎಂಬುದು ಅದರ ತರ್ಕ. ಲವಣಾಂಶ ಹಾಗೆಯೇ ಇದೆಯೆಂದು ಭಾವಿಸಿದರೆ, ಆಳ 10ರಿಂದ 7.9ಕ್ಕೆ ಇಳಿದಾಗ ಸೂಚ್ಯಂಕ ಸುಮಾರು ಶೇ. 26 ಏರುತ್ತದೆ. ಇಳುವರಿ ಸೂಚ್ಯಂಕದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆಂಬ ರೈಡರ್ ಸೂತ್ರದಂತೆ ಸಾಧ್ಯ ಇಳುವರಿಯ ಏರಿಕೆ ಶೇ. 12. ಆಫ್ರಿಕಾದ ಸರೋವರಗಳಿಗೆ ಹೆಂಡರ್ಸನ್ ಮತ್ತು ವೆಲ್ಕಮ್ 1974ರಲ್ಲಿ ಕಂಡುಕೊಂಡ ಸಂಬಂಧವನ್ನು ಅನ್ವಯಿಸಿದರೂ ಶೇ. 11ರಷ್ಟು ಬರುತ್ತದೆ. ರೈತನ ಪಾಲಿಗೆ 27 ಟಿಎಂಸಿ ನುಂಗಿದ ಹೂಳು ಕಾಗದದ ಮೇಲಾದರೂ ಮೀನುಗಾರನಿಗೆ ಲಾಭ ತೋರಿಸುತ್ತದೆ.

ಆದರೆ ಈ ಸೂಚ್ಯಂಕ ರೂಪುಗೊಂಡದ್ದು ನೀರು ನಿಧಾನವಾಗಿ ಬದಲಾಗುವ ಸರೋವರಗಳಿಗೆ. ತುಂಗಭದ್ರೆಯಲ್ಲಿ ಗೊತ್ತುಮಾಡಿದ ಬಳಕೆ 230 ಟಿಎಂಸಿ, ಇಂದಿನ ಸಂಗ್ರಹ 105.79 ಟಿಎಂಸಿ. ಗೊತ್ತುಮಾಡಿದಷ್ಟು ನೀರು ಪೂರ್ತಿ ಬಳಕೆಯಾದ ವರ್ಷದಲ್ಲಿ, ಕ್ರಸ್ಟ್‌ಗೇಟುಗಳ ಮೇಲಿಂದ ಹೊರಹೋಗುವ ಪ್ರವಾಹವನ್ನು ಬಿಟ್ಟೂ, ಜಲಾಶಯದ ನೀರು ಎರಡು ಸಲಕ್ಕಿಂತ ಹೆಚ್ಚು ಬದಲಾದಂತೆ. ಮಳೆಗಾಲದ ಕೆಂಪು ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯದು. ನೀರು ತಿಳಿಯಾಗಿ ಪಾಚಿ, ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯತೊಡಗುವ ಹೊತ್ತಿಗೆ ಕಾಲುವೆಗಳು ಅದನ್ನು ಎಳೆಯತೊಡಗಿರುತ್ತವೆ. ಇತ್ತೀಚಿನ ವರ್ಷಗಳಲ್ಲಿ ನೀರು ಹಸಿರುಗಟ್ಟುವಷ್ಟು ನೀಲಿಹಸಿರು ಪಾಚಿ ಹಬ್ಬುವುದನ್ನೂ ನೋಡುತ್ತಿದ್ದೇವೆ. ಅದು ಪೋಷಕಾಂಶದ ಕೊರತೆಯ ಲಕ್ಷಣವಲ್ಲ, ಅತಿಯಾದದ್ದರ ಲಕ್ಷಣ. ಆಹಾರವಿದ್ದೂ ಅದು ಮೀನಾಗಿ ಪರಿವರ್ತನೆಯಾಗುತ್ತಿಲ್ಲವೆಂದರೆ ಕಾರಣವನ್ನು ಮೀನು ಸಂತತಿಯಲ್ಲಿ ಹುಡುಕಬೇಕು.

4. ಮೀನು ಸಂತತಿ ಮತ್ತು ನೀರಿನ ಏರಿಳಿತ

ಹೊಸ ಜಲಾಶಯಗಳಲ್ಲಿ ಮೊದಲ ಕೆಲವು ವರ್ಷ ಮೀನು ಸಮೃದ್ಧವಾಗಿರುತ್ತದೆ. ಮುಳುಗಿದ ಹೊಲ, ಗಿಡಮರ, ಹಟ್ಟಿಯ ಗೊಬ್ಬರವೆಲ್ಲ ಕೊಳೆತು ಪೋಷಕಾಂಶ ಬಿಡುತ್ತವೆ. ಆ ಬಂಡವಾಳ ಕರಗಿದ ಮೇಲೆ ಇಳುವರಿ ಕುಸಿದು ಕೆಳಮಟ್ಟದಲ್ಲಿ ನಿಲ್ಲುತ್ತದೆ. ಇದು ಪ್ರಪಂಚದ ಎಲ್ಲೆಡೆ ಕಂಡ ಕ್ರಮ. ಆಮೇಲೆ ಉಳಿಯುವುದು ನಿಂತ ನೀರಿಗೆ ಹೊಂದಿಕೊಂಡ ಜಾತಿಗಳು.

ತುಂಗಭದ್ರೆಯ ಮೂಲದ ಗೆಂಡೆಗಳಲ್ಲಿ ಕೆಮ್ಮೀನು, ಕಾಗೆ ಮೀನು, ಅರ್ಜ ಹೆಸರಾದವು. ಕೆಮ್ಮೀನು, ಕಾಗೆ ಮೀನಿನಂಥ ದೊಡ್ಡ ಗೆಂಡೆಗಳು ಮುಂಗಾರಿನ ಹೊಸನೀರಿಗೆ ಎದುರೇರಿ, ಹರಿಯುವ ನೀರಿನಲ್ಲಿ ಮೊಟ್ಟೆಯಿಡುವಂಥವು. ಅಣೆಕಟ್ಟು ಕೆಳಗಿನ ಹೊಳೆಯಿಂದ ಅವುಗಳನ್ನು ಬೇರ್ಪಡಿಸಿತು. ಹಿನ್ನೀರಿನ ತುದಿಯಿಂದ ಮೇಲಕ್ಕೆ ಉಳಿದಿದ್ದ ನದಿಯ ಓಟವನ್ನು ಗದಗ ಜಿಲ್ಲೆಯ ಹಮ್ಮಿಗಿಯ ಬಳಿ ಸಿಂಗಟಾಲೂರು ಯೋಜನೆಯ ಬ್ಯಾರೇಜು ಈಗ ತಡೆದಿದೆ. ಜಲಾಶಯದಲ್ಲಿ ತಿಂದು ಬೆಳೆದು, ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಮೀನಿಗೆ ಎರಡು ಗೋಡೆಗಳ ನಡುವಿನ ಹೊಳೆಯಷ್ಟೇ ಉಳಿದಿದೆ.

ಉಳಿದ ಜಾತಿಗಳಿಗೆ ಹೊಳೆಗಿಂತ ದಡ ಮುಖ್ಯ. ಬಾಳೆ ಮೀನು ಮಳೆಗಾಲದಲ್ಲಿ ಹೊಸದಾಗಿ ಮುಳುಗಿದ ಅಂಚುಗಳಿಗೆ ಬರುತ್ತದೆ. ಮರಲು ಆಳವಿಲ್ಲದ ಜಾಗದಲ್ಲಿ ಜಲಸಸ್ಯಗಳ ನಡುವೆ ಗೂಡು ಮಾಡಿ ಮರಿಗಳನ್ನು ಕಾಯುತ್ತದೆ. ಚಪ್ಪಲಿ ಮೀನು ಮುಳುಗಿದ ಕಲ್ಲು, ಕೊರಡಿಗೆ ಮೊಟ್ಟೆ ಅಂಟಿಸುತ್ತದೆ. 1952ರಲ್ಲಿ ದೇಶಕ್ಕೆ ಬಂದ, ನಮ್ಮ ಸಂತೆಗಳಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯಾ ದಡದ ತಳದಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು, ಅವನ್ನು ಬಾಯಲ್ಲಿ ಕಾಪಾಡುತ್ತದೆ. ನೀರು ಹಠಾತ್ತನೆ ಒಂದೆರಡು ಮೀಟರ್ ಇಳಿದರೆ ಮರಲಿನ ಗೂಡೂ ಚಪ್ಪಲಿ ಮೀನಿನ ಮೊಟ್ಟೆಯೂ ಒಣನೆಲದ ಪಾಲು. ತಿಲಾಪಿಯಾ ಮಾತ್ರ ಮರಿಗಳನ್ನು ಬಾಯಲ್ಲೇ ಹೊತ್ತು ನೀರಿನ ಜೊತೆ ಸರಿಯಬಲ್ಲದು, ವರ್ಷದಲ್ಲಿ ಹಲವು ಸಲ ಮತ್ತೆ ಮರಿಮಾಡಬಲ್ಲದು. ಏರಿಳಿತ ತೀವ್ರವಾದಷ್ಟೂ ಅದರ ಕೈ ಮೇಲಾಗುವುದಕ್ಕೆ ಇದೂ ಒಂದು ಕಾರಣ. ಹೊರಗಿನ ಜಾತಿ ಗೆದ್ದಿತೆಂದು ದೂರುವಾಗ ಗೆಲುವಿನ ಕಣವನ್ನು ಸಜ್ಜುಗೊಳಿಸಿದ್ದು ಜಲಮಟ್ಟದ ನಿರ್ವಹಣೆಯೇ ಎಂಬುದನ್ನು ಗಮನಿಸಬೇಕು.

ಮೂರನೆಯ ಗುಂಪು ಬಿತ್ತನೆಯ ಮೀನು: ಕಾಟ್ಲ, ರೋಹು, ಮೃಗಾಲ್. ಗಂಗಾ ಬಯಲಿನ ಈ ದೊಡ್ಡ ಗೆಂಡೆಗಳ ಬಿತ್ತನೆಗೆ ಒಂದು ಕಾಲದಲ್ಲಿ ಹೊಳೆಗಳಲ್ಲಿ ಸಂಗ್ರಹಿಸಿದ ಮರಿಗಳೇ ಗತಿಯಾಗಿದ್ದವು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಆಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸತ್ವ ಚುಚ್ಚಿ ಗೆಂಡೆಗಳಿಂದ ಮೊಟ್ಟೆಯಿಡಿಸಿದ ಮೇಲೆ ಪರಿಸ್ಥಿತಿ ಬದಲಾಯಿತು. ಆ ದಿನವನ್ನು ದೇಶ ಇಂದಿಗೂ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಮರಿ ಸಿಗುವುದು ಸುಲಭವಾಯಿತು, ಮರಿ ಬದುಕುವುದು ಸುಲಭವಾಗಲಿಲ್ಲ. ಕೆರೆಗೆ ಬಿಟ್ಟ ಮರಿ ಕೆರೆಯಲ್ಲೇ ಇರುತ್ತದೆ. ಜಲಾಶಯಕ್ಕೆ ಬಿಟ್ಟ ಮರಿಗೆ ಬಾಳೆ ಮೀನಿನ ಬಾಯಿ, ಕಾಲುವೆಯ ತೂಬು, ಕ್ರಸ್ಟ್‌ಗೇಟು, ಸಣ್ಣ ಕಣ್ಣಿನ ಬಲೆ ನಾಲ್ಕೂ ಕಾದಿರುತ್ತವೆ.

5. ಹೆಕ್ಟೇರಿನ ಲೆಕ್ಕ

ಸುಗುಣನ್ ಅವರ ಸಮೀಕ್ಷೆಯ ಪ್ರಕಾರ ದೇಶದ ಸಣ್ಣ ಜಲಾಶಯಗಳ ಸರಾಸರಿ ಇಳುವರಿ ಹೆಕ್ಟೇರಿಗೆ 49.90 ಕಿ.ಗ್ರಾಂ., ಮಧ್ಯಮ ಗಾತ್ರದವುಗಳದು 12.30, ಐದು ಸಾವಿರ ಹೆಕ್ಟೇರಿಗೆ ಮೀರಿದ ದೊಡ್ಡವುಗಳದು 11.43. ದೊಡ್ಡ ಜಲಾಶಯಗಳು ಹಿಂದುಳಿದಿವೆ, ಬಿತ್ತನೆ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಈ ಅಂಕಿಗಳನ್ನು ಓದುವುದು ವಾಡಿಕೆ. ತುಂಗಭದ್ರೆಗೆ ಅನ್ವಯಿಸಿ ನೋಡೋಣ. ಹೆಕ್ಟೇರಿಗೆ 11.43 ಕಿ.ಗ್ರಾಂ. ಎಂದರೆ 37,800 ಹೆಕ್ಟೇರಿಗೆ ವರ್ಷಕ್ಕೆ ಸುಮಾರು 432 ಟನ್. ಬೇಸಿಗೆಯಲ್ಲಿ ನೀರಿನ ಹರವು ಪೂರ್ಣಮಟ್ಟದ ಮೂರನೇ ಒಂದು ಪಾಲಿಗೆ ಇಳಿಯಿತೆಂದು ಊಹಿಸಿ. ಆ ಹರವಿಗೆ ಭಾಗಿಸಿದರೆ ಅದೇ 432 ಟನ್ ಹೆಕ್ಟೇರಿಗೆ 34 ಕಿ.ಗ್ರಾಂ. ಆಗುತ್ತದೆ. ಮೀನು ಒಂದೂ ಹೆಚ್ಚಾಗಲಿಲ್ಲ, ಛೇದ ಬದಲಾಯಿತು ಅಷ್ಟೆ. ಏರಿಳಿತ ಕಡಿಮೆಯಿರುವ ಜಲಾಶಯವನ್ನೂ ತುಂಗಭದ್ರೆಯಂಥದನ್ನೂ ಪೂರ್ಣಮಟ್ಟದ ಹೆಕ್ಟೇರಿನಲ್ಲಿ ಹೋಲಿಸುವುದು ಈ ಕಾರಣಕ್ಕೆ ಅಡ್ಡದಾರಿ ಹಿಡಿಸುತ್ತದೆ.

ಬಿತ್ತನೆಯ ಲೆಕ್ಕಕ್ಕೂ ಇದೇ ತೊಡಕು. ಹೆಕ್ಟೇರಿಗೆ 500 ಬಲಿತ ಮರಿ ಎಂದು ಇಟ್ಟುಕೊಂಡರೆ ಪೂರ್ಣಮಟ್ಟಕ್ಕೆ 1 ಕೋಟಿ 89 ಲಕ್ಷ ಮರಿ ಬೇಕು. ಅಷ್ಟನ್ನು ಸಾಕಿ ಬಿಡುವುದೇ ದೊಡ್ಡ ಕೆಲಸ. ಬಿಟ್ಟರೂ ಏಪ್ರಿಲ್ ಹೊತ್ತಿಗೆ ಅವು ಬದುಕಬೇಕಾದದ್ದು ಅದರ ಒಂದು ಭಾಗದಲ್ಲಿ. ಪೂರ್ಣಮಟ್ಟದ ಅಂಕಿ ಗುರಿಯನ್ನು ಹಿಗ್ಗಿಸುತ್ತದೆ. ಗುರಿ ಹಿಗ್ಗಿದಾಗ ಸಂಖ್ಯೆ ತುಂಬಿಸುವ ಒತ್ತಡದಲ್ಲಿ ಮರಿಯ ಗಾತ್ರ ಕುಗ್ಗುತ್ತದೆ. ಬೆರಳುದ್ದಕ್ಕೂ ಬಾರದ ಮರಿ ಬಾಳೆ ಮೀನಿಗೆ ಮೇವು.

ಹಿಡುವಳಿಯ ಅಂಕಿಗಳೂ ನೀರಿನ ಮಟ್ಟದೊಡನೆ ಸುಳ್ಳಾಡುತ್ತವೆ. ನೀರು ಇಳಿದಾಗ ಮೀನು ಒತ್ತೊತ್ತಾಗಿ ಸೇರುತ್ತದೆ, ಒಂದು ಬಲೆಗೆ ಬೀಳುವ ಪ್ರಮಾಣ ಏರುತ್ತದೆ. ಬಲೆಗೆ ಇಷ್ಟು ಕಿಲೋ ಎಂಬ ಅಳತೆಯಿಂದ ಸಂತತಿಯ ಸ್ಥಿತಿಯನ್ನು ಊಹಿಸುವವರಿಗೆ ಆಗ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಸಂತತಿ ಬಡವಾಗುತ್ತಿದ್ದರೂ ಬೇಸಿಗೆಯ ಬುಟ್ಟಿ ಅದನ್ನು ಮರೆಮಾಚುತ್ತದೆ. ಹಿಡುವಳಿಯ ಪಕ್ಕದಲ್ಲಿ ಆ ದಿನದ ಜಲಮಟ್ಟವನ್ನೂ ಬರೆದಿಡದಿದ್ದರೆ ಈ ಮರೆಯನ್ನು ಸರಿಸಲು ಬೇರೆ ದಾರಿಯಿಲ್ಲ.

6. ಬಲೆ, ಹರಿಗೋಲು, ಹಕ್ಕು

ಬೆಸ್ತರು, ಅಂಬಿಗರು, ಗಂಗಾಮತಸ್ಥರು ಎಂದು ಬೇರೆ ಬೇರೆ ಹೆಸರಿನಿಂದ ಗುರುತಿಸಿಕೊಳ್ಳುವ ಸಮುದಾಯಗಳು ಈ ಹೊಳೆಯಲ್ಲಿ ಅಣೆಕಟ್ಟಿಗಿಂತ ಹಳಬರು. ಹೊಳೆಯ ಮೀನುಗಾರಿಕೆ ಮಡು, ಸುಳಿ, ಬಂಡೆಗಳ ತಿಳಿವಳಿಕೆಯ ಮೇಲೆ ನಿಂತಿತ್ತು. ಜಲಾಶಯ ಆ ನಕಾಶೆಯನ್ನು ಮುಳುಗಿಸಿ ವಿಸ್ತಾರವನ್ನು ಕೊಟ್ಟಿತು. ಬಿದಿರಿನ ಹರಿಗೋಲು ಉಳಿಯಿತು. ಅದರ ಚರ್ಮದ ಹೊದಿಕೆಯ ಜಾಗಕ್ಕೆ ಟಾರು ಬಳಿದ ಹಾಳೆ, ಪ್ಲಾಸ್ಟಿಕ್ ಬಂತು. ಹತ್ತಿ ನೂಲಿನ ಬಲೆಗೆ ಬದಲು ನೈಲಾನ್ ಬಂತು.

ಸಂಜೆ ಕಟ್ಟಿ ಬೆಳಿಗ್ಗೆ ಎತ್ತುವ ನಿಲುಬಲೆ ತನ್ನ ಕಣ್ಣಿನ ಅಳತೆಗೆ ತಕ್ಕ ಮೀನನ್ನಷ್ಟೇ ಹಿಡಿಯುತ್ತದೆ. ಸಣ್ಣದು ನುಸುಳುತ್ತದೆ, ತೀರ ದೊಡ್ಡದು ಸಿಗದೆ ಉಳಿಯುತ್ತದೆ. ಅಲಿವಿ ಎಂಬ ದೊಡ್ಡ ಎಳೆಬಲೆಯ ಸ್ವಭಾವ ಬೇರೆ. ಇದಕ್ಕೆ ಕಿರುಗಣ್ಣು, ಎಳೆಯಲು ಹಲವು ಜನ ಬೇಕು, ಸಮತಟ್ಟಾದ ದಡ ಬೇಕು. ಬೇಸಿಗೆಯಲ್ಲಿ ನೀರು ಸರಿದು ತೆರೆದುಕೊಳ್ಳುವ ಮೆದುಮಣ್ಣಿನ ಬಯಲು ಅದಕ್ಕೆ ಹೇಳಿಮಾಡಿಸಿದ ಜಾಗ. ಬಲಿಯದ ಗೆಂಡೆ ಮರಿಗಳೂ ಒಣಗಿಸಿ ಮಾರುವ ಚಿಕ್ಕ ಮೀನುಗಳೂ ಅದರಲ್ಲಿ ಒಟ್ಟಿಗೆ ಬರುತ್ತವೆ. ಹೂಳು ದಡವನ್ನು ಸಮತಟ್ಟು ಮಾಡಿದಷ್ಟೂ ಅಲಿವಿಗೆ ಅನುಕೂಲ. ಹೂಳಿನಿಂದ ಕಾಗದದ ಮೇಲೆ ಬಂದ ಶೇ. 12ರ ಲಾಭ ಎಲ್ಲಿ ಸೋರಿಹೋಗಬಹುದೆಂಬ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ.

ಕಿರುಗಣ್ಣಿನ ಬಲೆಯನ್ನು ನಿಷೇಧಿಸಿದರೆ ಸಾಕು ಎಂಬುದು ಅರ್ಧ ಸತ್ಯ. ಬಲೆ, ಹರಿಗೋಲು ಕೊಳ್ಳಲು ವ್ಯಾಪಾರಿಯಿಂದ ಮುಂಗಡ ಪಡೆದವನು ಅದೇ ವ್ಯಾಪಾರಿಗೆ, ಅವನು ಹೇಳಿದ ಬೆಲೆಗೆ ಮೀನು ಕೊಡಬೇಕು. ಸಾಲದ ಕಂತಿಗೆ ರಜೆಯಿಲ್ಲದಿರುವಾಗ ಮರಿ ಬೆಳೆಯಲೆಂದು ಕಾಯುವ ತಾಳ್ಮೆ ಒಬ್ಬಂಟಿ ಮೀನುಗಾರನಿಗೆ ಎಟುಕದ ಸವಲತ್ತು. ಹಕ್ಕಿನ ಸ್ವರೂಪವೂ ಇದಕ್ಕೆ ಸೇರಿಕೊಳ್ಳುತ್ತದೆ. ಗುತ್ತಿಗೆಯಲ್ಲಿ ಅವಧಿ ಮುಗಿಯುವುದರೊಳಗೆ ಬಾಚಿಕೊಳ್ಳುವ ಆತುರವಿದ್ದರೆ, ಪರವಾನಗಿಯಲ್ಲಿ ನಾನು ಬಿಟ್ಟದ್ದನ್ನು ನೆರೆಯವನು ಹಿಡಿದಾನೆಂಬ ಅಂಜಿಕೆ. 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮದ ಹೆಸರಿನಲ್ಲೇ ಸಂರಕ್ಷಣೆ, ಅಭಿವೃದ್ಧಿ, ನಿಯಂತ್ರಣ ಮೂರೂ ಇವೆ. ಮೂರನ್ನೂ ಒಂದೇ ಜಲರಾಶಿಯ ಮೇಲೆ ಹೊಂದಿಸುವವರು ನೀರಿನ ತೂಬಿನ ಮೇಲೆ ಹಿಡಿತವಿಲ್ಲದ ಇಲಾಖೆಯವರು.

7. ಚರ್ಚೆ

2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಕ್ರಸ್ಟ್‌ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಉಳಿದ ಗೇಟುಗಳನ್ನೂ ತೆರೆದು ನೀರು ಹೊರಬಿಡಬೇಕಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂಡಿಸಲಾಯಿತು. 2025ರ ಮುಂಗಾರಿನಲ್ಲಿ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ, ಅಂದರೆ ಸಾಮರ್ಥ್ಯದ ಮುಕ್ಕಾಲು ಪಾಲಿಗೆ ಸೀಮಿತಗೊಳಿಸಿದರು. ಎರಡೂ ವರ್ಷ ಚರ್ಚೆಯೆಲ್ಲ ಬೆಳೆಯ ಸುತ್ತ ನಡೆಯಿತು, ಅದು ಸಹಜ. ಆದರೆ ಮೀನಿನ ದೃಷ್ಟಿಯಿಂದ ಇವು ಎರಡು ಬೇರೆ ಬೇರೆ ಘಟನೆಗಳು. ಮೊದಲನೆಯದು ಮರಿಗಳು ದಡ ಹಿಡಿಯುವ ಕಾಲದ ಹಠಾತ್ ಇಳಿತ. ಎರಡನೆಯದು ಕಡಿಮೆಯಾದರೂ ಮೊದಲೇ ಗೊತ್ತುಮಾಡಿದ ಮಿತಿ. ಪ್ರಮಾಣದ ಲೆಕ್ಕದಲ್ಲಿ ಎರಡೂ ನಷ್ಟವೇ. ಕಾಲದ ಲೆಕ್ಕದಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಸಹ್ಯ, ಏಕೆಂದರೆ ಮುಂಚೆ ತಿಳಿದ ಮಟ್ಟಕ್ಕೆ ಬಿತ್ತನೆಯನ್ನೂ ಬಲೆಯನ್ನೂ ಹೊಂದಿಸಬಹುದು.

ಈ ನೋಟದಿಂದ ನಾಲ್ಕು ಕ್ರಮಗಳು ಹೊಮ್ಮುತ್ತವೆ.

ಒಂದು, ಬಿತ್ತನೆಯನ್ನು ಪ್ರವಾಹ ನಿಂತು ಗೇಟುಗಳು ಮುಚ್ಚಿದ ಮೇಲೆ, ಕಾಲುವೆಯಿಂದ ದೂರದ ಹಿನ್ನೀರಿನ ಕೊಲ್ಲಿಗಳಲ್ಲಿ ಮಾಡಬೇಕು. ಸಂಖ್ಯೆಯನ್ನು ಬೇಸಿಗೆಯ ಕನಿಷ್ಠ ಹರವಿಗೆ ಲೆಕ್ಕಹಾಕಿ, ಉಳಿದ ಹಣದಲ್ಲಿ ಮರಿಯ ಗಾತ್ರ ಹೆಚ್ಚಿಸಬೇಕು. ಬೇಸಿಗೆಯ ಹರವು ಮೂರನೇ ಒಂದು ಪಾಲೆಂಬ ಮೇಲಿನ ಊಹೆಯಂತೆ, ಹೆಕ್ಟೇರಿಗೆ 500ರ ದರದಲ್ಲಿ 63 ಲಕ್ಷ ಬಲಿತ ಮರಿ ಸಾಕು. ಕಾಟ್ಲ, ರೋಹುಗಳ ಜೊತೆಗೆ ಕೆಮ್ಮೀನು, ಕಾಗೆ ಮೀನಿನ ಮರಿಗಳಿಗೂ ಪಾಲಿರಬೇಕು.

ಎರಡು, ನಿಷೇಧದ ಅವಧಿ ಒಳಹರಿವಿನಿಂದ ಶುರುವಾಗಬೇಕು. ಮುಂಗಾರು ತಡವಾದ ವರ್ಷ ನಿಗದಿತ ದಿನಾಂಕದ ನಿಷೇಧ ಮೀನು ಎದುರೇರುವ ಹೊತ್ತಿಗೆ ಮುಗಿದೇ ಹೋಗಬಹುದು. ಮೊದಲ ಪ್ರವಾಹದ ಒಳಹರಿವು ಒಂದು ಗೊತ್ತಾದ ಮಟ್ಟ ದಾಟಿದ ದಿನದಿಂದ ಎಣಿಸಿದರೆ ಮೀನುಗಾರನ ಕೆಲಸದ ದಿನಗಳು ಕಡಿಮೆಯಾಗದೆಯೇ ರಕ್ಷಣೆ ಹೆಚ್ಚುತ್ತದೆ.

ಮೂರು, ಬೇಸಿಗೆಯ ಆಳದ ನೀರಿನಲ್ಲಿ ಒಂದು ಭಾಗವನ್ನು ಬಲೆ ಇಳಿಸದ ಆಸರೆಯಾಗಿ ಬಿಡಬೇಕು. ಮುಂದಿನ ಮಳೆಗಾಲದ ತಾಯಿಮೀನು ಅಲ್ಲಿ ಉಳಿಯಬೇಕು. ಅಣೆಕಟ್ಟಿನ ಕೆಳಗೆ ಕಂಪ್ಲಿಯವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ನೀರುನಾಯಿಯ ಮುಖ್ಯ ಆಹಾರ ಮೀನು. ಕೆಳಗೆ ಮೀನು ತಿನ್ನುವ ಪ್ರಾಣಿಗೆ ಮೀಸಲು ಇದ್ದು ಮೇಲೆ ಮೀನಿಗೇ ಆಸರೆಯಿಲ್ಲದಿರುವುದು ಹೊಂದುವ ಮಾತಲ್ಲ.

ನಾಲ್ಕು, ಹಿಡುವಳಿಯ ದಾಖಲೆಯಲ್ಲಿ ದಿನಾಂಕ, ಜಾತಿ, ತೂಕದ ಜೊತೆಗೆ ಜಲಮಟ್ಟ ಮತ್ತು ಬಲೆಯ ಬಗೆ ಇರಬೇಕು. ಜಲಮಟ್ಟವನ್ನು ಅಣೆಕಟ್ಟಿನಲ್ಲಿ ಪ್ರತಿದಿನ ಅಳೆಯುತ್ತಾರೆ, ಹೊಸ ಖರ್ಚಿಲ್ಲ. ಎರಡು ಕಚೇರಿಯ ಪುಸ್ತಕಗಳನ್ನು ಒಂದೆಡೆ ತರಬೇಕು, ಅಷ್ಟೆ.

8. ಉಪಸಂಹಾರ

ಮೇಲಿನ ಯಾವ ಕ್ರಮವೂ ಕಾಲುವೆಯಿಂದ ಒಂದು ಹನಿಯನ್ನೂ ಕಸಿಯುವುದಿಲ್ಲ. ಮಟ್ಟ ಯಾವಾಗ, ಎಷ್ಟು ವೇಗದಲ್ಲಿ ಇಳಿಯುತ್ತದೆಂಬ ಮುನ್ಸೂಚನೆ ಮೀನುಗಾರರಿಗೂ ಮೀನುಗಾರಿಕಾ ಇಲಾಖೆಗೂ ಸಿಗಬೇಕೆಂಬುದಷ್ಟೇ ಅವುಗಳ ಅಪೇಕ್ಷೆ. ಪ್ರತಿ ಹಂಗಾಮಿನಲ್ಲಿ ಕಾಲುವೆಗೆ ನೀರು ಬಿಡುವ ದಿನಗಳನ್ನು ನೀರಾವರಿ ಸಲಹಾ ಸಮಿತಿಯ ಸಭೆ ತೀರ್ಮಾನಿಸುತ್ತದೆ. ಶಾಸಕರು, ಅಧಿಕಾರಿಗಳು, ರೈತ ಪ್ರತಿನಿಧಿಗಳ ಜೊತೆಗೆ ಹಿನ್ನೀರಿನ ಮೀನುಗಾರರ ಸಹಕಾರ ಸಂಘಗಳಿಗೂ ಆ ಸಭೆಯಲ್ಲಿ ಒಂದು ಕುರ್ಚಿ ಕೊಡುವುದು ಮೊದಲ ಹೆಜ್ಜೆಯಾಗಬಹುದು. ಹೆಕ್ಟೇರಿಗೆ ಎಷ್ಟು ಕಿಲೋ ಎಂಬ ಪ್ರಶ್ನೆಯನ್ನು ಅದಾದ ಮೇಲೆ ಕೇಳಿದರೆ ಉತ್ತರಕ್ಕೆ ಅರ್ಥವಿರುತ್ತದೆ.